ಒತ್ತೆಯಾದ ಮನೆ: ‘ದಿ ಡೆಸ್ಪರೇಟ್ ಅವರ್ಸ್’ ಚಿತ್ರದಲ್ಲಿ ಘಟನೆ ಮತ್ತು ಕಥನ

ನಡೆದ ಘಟನೆಯೊಂದು ಐತಿಹ್ಯವಾಗಿ ಮಾರ್ಪಡುವ ಬಗೆಯು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು. ಸ್ವೀಡನ್ನಿನ ವಿದ್ವಾಂಸ ಫಾನ್ ಸಿಡೋ, ಅನುಭವಿಸಿದವನೇ ಹೇಳುವ ಕಥನವನ್ನೂ ಪರಂಪರೆಯ ಅಚ್ಚಿನಲ್ಲಿ ರೂಪುಗೊಂಡ ಕಥನವನ್ನೂ ಬೇರ್ಪಡಿಸಿ ತೋರಿಸಿದನು. ಈ ಮಾರ್ಪಾಡು ಮೌಖಿಕ ಪರಂಪರೆಗಷ್ಟೇ ಸೀಮಿತವಲ್ಲ. ಮುದ್ರಣ, ರಂಗಭೂಮಿ, ಸಿನಿಮಾಗಳಲ್ಲಿಯೂ ಅದು ನಡೆಯುತ್ತದೆ ಎಂಬುದಕ್ಕೆ ವಿಲಿಯಂ ವೈಲರ್ ನಿರ್ದೇಶಿಸಿದ ಅಮೆರಿಕದ ಚಿತ್ರ ‘ದಿ ಡೆಸ್ಪರೇಟ್ ಅವರ್ಸ್’ (1955) ಉತ್ತಮ ನಿದರ್ಶನವಾಗಿದೆ.

1952ರ ಸೆಪ್ಟೆಂಬರಿನಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡ ಮೂವರು ಕೈದಿಗಳು ಪೆನ್ಸಿಲ್ವೇನಿಯಾದ ವೈಟ್‌ಮಾರ್ಷ್‌ನಲ್ಲಿ ಒಂದು ಮನೆಯನ್ನು ಹೊಕ್ಕು, ತಂದೆ, ತಾಯಿ ಹಾಗೂ ಐವರು ಮಕ್ಕಳನ್ನು ಹತ್ತೊಂಬತ್ತು ಗಂಟೆಗಳ ಕಾಲ ಒತ್ತೆಯಾಗಿರಿಸಿಕೊಂಡರು. ಕೊನೆಗೆ ಯಾರಿಗೂ ಗಾಯವಾಗಲಿಲ್ಲ. ಕೈದಿಗಳು ತಮ್ಮೊಡನೆ ಸೌಜನ್ಯದಿಂದ ನಡೆದುಕೊಂಡರು, ಹಿಂಸೆಗೆ ಇಳಿಯಲಿಲ್ಲ ಎಂದು ತಂದೆಯೇ ಪತ್ರಕರ್ತರಿಗೆ ತಿಳಿಸಿದನು. ಮುಂದೆ ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಇಬ್ಬರು ಕೈದಿಗಳು ಹತರಾದರು. ಕುಟುಂಬವು ಪ್ರಚಾರವನ್ನು ನಿರಾಕರಿಸಿ ಕನೆಕ್ಟಿಕಟ್ ರಾಜ್ಯಕ್ಕೆ ವಲಸೆ ಹೋಯಿತು.

ಈ ಘಟನೆಯಿಂದಲೂ ಇಂಥವೇ ಇತರ ಘಟನೆಗಳಿಂದಲೂ ಪ್ರೇರಿತನಾಗಿ ಜೋಸೆಫ್ ಹೇಯ್ಸ್ 1954ರಲ್ಲಿ ಕಾದಂಬರಿಯನ್ನು ಬರೆದನು. 1955ರಲ್ಲಿ ಅದು ಬ್ರಾಡ್‌ವೇ ರಂಗಭೂಮಿಯಲ್ಲಿ ನಾಟಕವಾಯಿತು; ಅದೇ ವರ್ಷ ಹೇಯ್ಸ್‌ನದೇ ಚಿತ್ರಕಥೆಯೊಡನೆ ಸಿನಿಮಾ ಆಯಿತು. ಕಥೆಯು ಇಂಡಿಯಾನಾಪೊಲಿಸ್ ನಗರಕ್ಕೆ ಸ್ಥಳಾಂತರಗೊಂಡಿತು. ಕುಟುಂಬಕ್ಕೆ ಹಿಲಿಯಾರ್ಡ್ ಎಂಬ ಕಲ್ಪಿತ ಹೆಸರು ಬಂತು. ಇವುಗಳಿಗಿಂತ ಮುಖ್ಯವಾದ ಬದಲಾವಣೆ ಮತ್ತೊಂದಿದೆ. ನಿಜ ಘಟನೆಯಲ್ಲಿದ್ದ ಸೌಜನ್ಯವು ಕಥೆಯಲ್ಲಿ ಉಳಿಯಲಿಲ್ಲ. ಕಾದಂಬರಿಯಲ್ಲಿ ತಂದೆಯೂ ಮಗನೂ ಏಟು ತಿನ್ನುತ್ತಾರೆ. ಮಗಳು ಅಶ್ಲೀಲ ನಿಂದನೆಗೆ ಗುರಿಯಾಗುತ್ತಾಳೆ. ಮನೆಯನ್ನು ಮುತ್ತಿದ ದುಷ್ಟ, ಅದನ್ನು ಕಾಯುವ ಯಜಮಾನ ಎಂಬ ಪ್ರಾಚೀನ ವಿನ್ಯಾಸಕ್ಕೆ ಹೊಂದದ ವಿವರವು ಬಿಟ್ಟುಹೋಗಿ, ಹೊಂದುವ ವಿವರವು ಸೇರಿಕೊಳ್ಳುವುದು ಐತಿಹ್ಯ ನಿರ್ಮಾಣದ ಸಾಮಾನ್ಯ ಲಕ್ಷಣವಾಗಿದೆ.

ಚಿತ್ರವು ಈ ವಿನ್ಯಾಸವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ‘ಫಿಲ್ಮ್ ನುಆರ್’ ಎಂದು ಫ್ರೆಂಚ್ ವಿಮರ್ಶಕರು 1946ರಲ್ಲಿ ಹೆಸರಿಸಿದ ಅಪರಾಧ ಚಿತ್ರಗಳ ಪ್ರಪಂಚವು ಬಹುಮಟ್ಟಿಗೆ ನಗರದ ಗಲ್ಲಿ, ಮದ್ಯದಂಗಡಿ, ಕತ್ತಲ ರಸ್ತೆಗಳದ್ದು. ಇಲ್ಲಿ ಆ ಕತ್ತಲೆ ಮಧ್ಯಮವರ್ಗದ ಮನೆಯ ಹೊಸ್ತಿಲನ್ನು ದಾಟಿ ಬರುತ್ತದೆ. ಹಂಫ್ರಿ ಬೋಗಾರ್ಟ್ ಅಭಿನಯಿಸಿದ ಗ್ಲೆನ್ ಗ್ರಿಫಿನ್ ಆ ಮನೆಯನ್ನು ಆರಿಸಿಕೊಳ್ಳುವುದು ಅಂಗಳದಲ್ಲಿ ಬಿದ್ದಿದ್ದ ಮಗುವಿನ ಸೈಕಲ್ಲನ್ನು ಕಂಡು. ಮಕ್ಕಳಿರುವವರು ಅಪಾಯಕ್ಕೆ ಕೈಹಾಕಲಾರರು ಎಂಬುದು ಅವನ ಲೆಕ್ಕಾಚಾರ. ಮನೆಯ ಸುಖದ ಗುರುತೇ ಅದರ ದೌರ್ಬಲ್ಯದ ಗುರುತಾಗುತ್ತದೆ. ಅಂತ್ಯದಲ್ಲಿ ಫ್ರೆಡ್ರಿಕ್ ಮಾರ್ಚ್ ಅಭಿನಯಿಸಿದ ತಂದೆ ಗೆಲ್ಲುವುದು ಬಲದಿಂದಲ್ಲ, ಗುಂಡಿಲ್ಲದ ಪಿಸ್ತೂಲಿನ ಉಪಾಯದಿಂದ. ಕೈಗೆ ಸಿಕ್ಕ ಶತ್ರುವನ್ನು ಅವನು ಕೊಲ್ಲದೆ ಮನೆಯಿಂದ ಹೊರಗಟ್ಟುತ್ತಾನೆ. ಕೈದಿಯ ಸಾವು ಹೊಸ್ತಿಲಿನ ಹೊರಗೆ, ಪೊಲೀಸರ ಗುಂಡಿನಿಂದ ಸಂಭವಿಸುತ್ತದೆ. ಮನೆಯೊಳಗಿನ ಶುಚಿ ಹೀಗೆ ಉಳಿಯುತ್ತದೆ.

ಇಷ್ಟರವರೆಗೆ ಕಥೆಯು ಕಲ್ಪಿತ ಹೆಸರಿನ ಆಶ್ರಯದಲ್ಲಿತ್ತು. 1955ರ ಫೆಬ್ರವರಿಯಲ್ಲಿ ‘ಲೈಫ್’ ಪತ್ರಿಕೆಯು ನಾಟಕದ ನಟರನ್ನು ಆ ಕುಟುಂಬವು ಹಿಂದೆ ವಾಸವಿದ್ದ ಮನೆಗೇ ಕರೆದೊಯ್ದು, ದೃಶ್ಯಗಳನ್ನು ಅಲ್ಲಿಯೇ ಅಭಿನಯಿಸಿ ತೆಗೆದ ಛಾಯಾಚಿತ್ರಗಳನ್ನು ಪ್ರಕಟಿಸಿತು. ನಾಟಕವನ್ನು ಆ ಕುಟುಂಬದ ಅನುಭವದೊಡನೆ ಹೆಸರು ಹೇಳಿ ಜೋಡಿಸಿತು. ನಡೆಯದ ಹಿಂಸೆ ನಡೆದುದೆಂಬಂತಾಯಿತು. ತಂದೆಯು ನ್ಯೂಯಾರ್ಕ್ ರಾಜ್ಯದ ಖಾಸಗಿತನದ ಕಾನೂನಿನಡಿ ಮೊಕದ್ದಮೆ ಹೂಡಿದನು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನ ಪರವಾಗಿ ವಾದಿಸಿದವನು, ಮುಂದೆ ರಾಷ್ಟ್ರಾಧ್ಯಕ್ಷನಾದ ರಿಚರ್ಡ್ ನಿಕ್ಸನ್. ಸಾರ್ವಜನಿಕ ಆಸಕ್ತಿಯ ವಿಷಯದಲ್ಲಿ, ಸುಳ್ಳೆಂದು ತಿಳಿದೋ ಸತ್ಯಾಸತ್ಯವನ್ನು ಲೆಕ್ಕಿಸದೆಯೋ ಪ್ರಕಟಿಸಿದುದು ಸಾಬೀತಾಗದ ಹೊರತು ಪತ್ರಿಕೆಯನ್ನು ಹೊಣೆ ಮಾಡಲಾಗದೆಂದು 1967ರಲ್ಲಿ ನ್ಯಾಯಾಲಯವು ತೀರ್ಪಿತ್ತು, ಕೆಳಗಿನ ತೀರ್ಪನ್ನು ರದ್ದುಪಡಿಸಿತು.

ಮೌಖಿಕ ಐತಿಹ್ಯಕ್ಕೂ ಆಧುನಿಕ ಮಾಧ್ಯಮದ ಐತಿಹ್ಯಕ್ಕೂ ಇರುವ ಅಂತರವು ಇಲ್ಲಿ ಗೋಚರಿಸುತ್ತದೆ. ಜನಪದರ ಬಾಯಲ್ಲಿ ಘಟನೆ ಬದಲಾದಂತೆಲ್ಲ, ಅದನ್ನು ಅನುಭವಿಸಿದವರ ಗುರುತು ಅನೇಕ ವೇಳೆ ಅಳಿಸಿಹೋಗುತ್ತದೆ. ಆ ಮರೆವು ಒಂದು ಬಗೆಯ ರಕ್ಷಣೆಯೂ ಹೌದು. ಇಲ್ಲಿಯಾದರೋ ಬದಲಾದ ಕಥೆಯೇ ಹಿಂತಿರುಗಿ ಬಂದು ಹಳೆಯ ಮನೆಯ ಬಾಗಿಲು ತಟ್ಟಿತು. ಕಥೆ ಮಾತ್ರ ಮುಂದೆ ಸಾಗುತ್ತಲೇ ಹೋಯಿತು: 1974ರ ಹಿಂದಿ ಚಿತ್ರ ‘36 ಘಂಟೆ’, ಮೈಕೆಲ್ ಚಿಮಿನೋ ನಿರ್ದೇಶನದ 1990ರ ಮರುನಿರ್ಮಾಣ ಅದರ ಮುಂದಿನ ಪಾಠಾಂತರಗಳು. ಪಾಠಾಂತರಗಳನ್ನು ಸಂಗ್ರಹಿಸಿ ಹೋಲಿಸುವ ಸಂಶೋಧಕನು ಅವುಗಳ ಆರಂಭದಲ್ಲಿ ನಿಂತಿರುವ, ತಮ್ಮ ಕಥೆಯನ್ನು ಹೇಳಿಸಿಕೊಳ್ಳಲು ಬಯಸದಿದ್ದ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.