ಸ್ವಂತ ನೋಡ್: ಪ್ರತಿ ಮತ್ತು ಪರಿಶೀಲನೆ

ಬಿಟ್‌ಕಾಯಿನ್ ವ್ಯವಸ್ಥೆಗೆ ಕೇಂದ್ರ ಕಚೇರಿಯಿಲ್ಲ. 2009ರ ಜನವರಿ 3ರಂದು ಆರಂಭವಾದ ಅದರ ಕಿರ್ದಿಯ ಅಧಿಕೃತ ಪ್ರತಿ ಇಂಥ ಕಡೆ ಇದೆ ಎಂದು ತೋರಿಸಲಾಗದು. ಇರುವುದೆಲ್ಲ ಸಮಾನ ಪ್ರತಿಗಳೇ. ಅಂಥದೊಂದು ಪ್ರತಿಯನ್ನು ಇರಿಸಿಕೊಂಡು, ಹೊಸದಾಗಿ ಬರುವ ಪ್ರತಿಯೊಂದು ಬ್ಲಾಕನ್ನೂ ನಿಯಮಗಳಿಗೆ ಒಡ್ಡಿ ನೋಡುವ ಗಣಕಯಂತ್ರವೇ ನೋಡ್. ಇದನ್ನು ‘ಗಣಿಗಾರಿಕೆ’ಯೊಡನೆ ಬೆರೆಸುವುದು ವಾಡಿಕೆಯಾಗಿಬಿಟ್ಟಿದೆ. ಗಣಿಗಾರರು ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಬ್ಲಾಕನ್ನು ಕಟ್ಟಿ ಪ್ರತಿಫಲ ಪಡೆಯುತ್ತಾರೆ. ನೋಡ್ ನಡೆಸುವವರಿಗೆ ಬಿಡಿಗಾಸೂ ದೊರೆಯದು. ಆದರೆ 2024ರ ಏಪ್ರಿಲ್‌ನಲ್ಲಿ ಬ್ಲಾಕೊಂದರ ಹೊಸ ನಾಣ್ಯದ ಪ್ರಮಾಣ 3.125ಕ್ಕೆ ಇಳಿದಿದೆ. ಅದನ್ನೂ ಶುಲ್ಕವನ್ನೂ ಮೀರಿ ಗಣಿಗಾರನೊಬ್ಬ ತುಸು ಹೆಚ್ಚು ಬರೆದುಕೊಂಡರೂ, ಅವನ ಯಂತ್ರಬಲ ಎಷ್ಟೇ ಇರಲಿ, ನೋಡ್ ಆ ಬ್ಲಾಕನ್ನು ಒಪ್ಪುವುದಿಲ್ಲ. ಹಸ್ತಪ್ರತಿ ಪರಂಪರೆಯಲ್ಲಿ ಲಿಪಿಕಾರನ ತಪ್ಪು ಮುಂದಿನ ಪ್ರತಿಗೂ ಇಳಿಯುತ್ತದೆ. ಇಲ್ಲಿ ದೋಷವುಳ್ಳ ಪುಟ ನಕಲಾಗುವುದೇ ಇಲ್ಲ.

ಸ್ಥಾಪನೆ ಕಷ್ಟದ್ದಲ್ಲ. ಬಿಟ್‌ಕಾಯಿನ್ ಕೋರ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು, ಅದರ ಡಿಜಿಟಲ್ ಸಹಿಗಳನ್ನು ತಾಳೆನೋಡಿ ಚಾಲನೆಗೊಳಿಸಿದರೆ, ಅದು ಇತರ ನೋಡ್‌ಗಳಿಂದ ಇಡೀ ಚರಿತ್ರೆಯನ್ನು ಮೊದಲಿನಿಂದ ತರಿಸಿಕೊಳ್ಳುತ್ತದೆ. ಚರಿತ್ರೆ 600 ಗಿಗಾಬೈಟಿಗೂ ಮಿಗಿಲು. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಈ ಕೆಲಸ ದಿನಗಟ್ಟಲೆ ಎಳೆಯುವುದರಿಂದ ಒಂದು ಟೆರಾಬೈಟಿನ ಎಸ್‌ಎಸ್‌ಡಿ ಮೇಲು. ಜಾಗವಿಲ್ಲದವರಿಗೆ ‘ಪ್ರೂನಿಂಗ್’ ಉಂಟು: ಪರಿಶೀಲಿಸಿ ಮುಗಿದ ಹಳೆಯ ಬ್ಲಾಕುಗಳನ್ನು ಅಳಿಸುತ್ತ ಹೋಗುವ ಏರ್ಪಾಡು. ಇಂಥ ನೋಡ್ ತನ್ನ ಮಟ್ಟಿಗೆ ಪೂರ್ಣ ಪರಿಶೀಲಕನೇ. ಹೊಸದಾಗಿ ಸೇರುವವರಿಗೆ ಮಾತ್ರ ಹಳೆಯ ಚರಿತ್ರೆಯನ್ನು ಕೊಡಲಾರದು.

ಯಾರನ್ನೂ ನಂಬಬೇಕಿಲ್ಲ ಎಂಬ ಪ್ರಚಾರದ ಮಾತು ತುಸು ಅತಿಯೇ. ತಂತ್ರಾಂಶವು ತನ್ನೊಳಗೆ ಗುರುತಿಸಿಟ್ಟ ಒಂದು ಬ್ಲಾಕಿನವರೆಗಿನ ಹಳೆಯ ವ್ಯವಹಾರಗಳ ಸಹಿಗಳನ್ನು, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪರೀಕ್ಷಿಸದೆ ಮುಂದುವರಿಯುತ್ತದೆ; ಮೊತ್ತ ಮೊದಲಾದವುಗಳನ್ನು ಮಾತ್ರ ನೋಡುತ್ತದೆ. ‘ಅಸ್ಯೂಮ್‌ವ್ಯಾಲಿಡ್’ ಎಂಬ ಆಯ್ಕೆಯನ್ನು ಸೊನ್ನೆಗೆ ಇಳಿಸಿದರೆ ಸಹಿಗಳೂ ಪರೀಕ್ಷೆಗೊಳಗಾಗುತ್ತವೆ. ಕಾಲ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಈ ತಾಳೆನೋಟದ ತೂಕ 2017ರಲ್ಲಿ ಗೋಚರಿಸಿತು. ಆ ವರ್ಷದ ಮೇ ತಿಂಗಳಲ್ಲಿ ಹಲವು ಕಂಪನಿಗಳೂ ದೊಡ್ಡ ಗಣಿಗಾರರೂ ನ್ಯೂಯಾರ್ಕಿನಲ್ಲಿ ಬ್ಲಾಕಿನ ಗಾತ್ರವನ್ನು ಹಿಗ್ಗಿಸುವ ಒಪ್ಪಂದಕ್ಕೆ ಬಂದಿದ್ದರು. ಹಳೆಯ ನಿಯಮದ ನೋಡ್‌ಗಳು ಅಂಥ ಬ್ಲಾಕುಗಳನ್ನು ತಳ್ಳಿಹಾಕುವಂತಿದ್ದವು. ಸಾಕಷ್ಟು ಸಹಮತವಿಲ್ಲವೆಂದು ನವೆಂಬರ್ 8ರಂದು ಪ್ರವರ್ತಕರೇ ಯೋಜನೆಯನ್ನು ಕೈಬಿಟ್ಟರು.

ಹಾಗೆಂದು ಮೂಲೆಯಲ್ಲಿ ಉರಿಯುತ್ತಿರುವ ನೋಡ್ ತಾನಾಗಿಯೇ ಮಾಲೀಕನನ್ನು ಕಾಯದು. ಅವನ ವಾಲೆಟ್ ಅನ್ಯರ ಸರ್ವರನ್ನೇ ವಿಚಾರಿಸುತ್ತಿದ್ದರೆ, ಯಾವ ವಿಳಾಸಗಳು ಅವನವು ಎಂಬುದು ಆ ಸರ್ವರಿಗೆ ತಿಳಿಯುತ್ತದೆ. ಹಣ ಬಂದಿದೆ ಎಂಬುದಕ್ಕೂ ಅದರ ಮಾತೇ ಆಧಾರ. ವಾಲೆಟ್ಟಿನ ಸೆಟ್ಟಿಂಗ್ಸಿನಲ್ಲಿ ಸ್ವಂತ ನೋಡಿನ ವಿಳಾಸವನ್ನು ನಮೂದಿಸಿದ ಮೇಲೆಯೇ ಪರಿಶೀಲನೆಯ ಫಲ ಅವನ ಕೈಸೇರುತ್ತದೆ.