ಹಳೆಯ ಉಪ್ಪರಿಗೆಗೆ ಹೊಸ ಜಂತೆ

ಮಲೆನಾಡಿನ ಹಳೆಯ ಮನೆಗಳು ಒಂದೊಂದಾಗಿ ಹೋಂಸ್ಟೇಗಳಾಗಿ ಮಾರ್ಪಡುತ್ತಿರುವ ಈ ದಿನಗಳಲ್ಲಿ, ಒಣಗಿದ ಅಡಕೆಯನ್ನೂ ಹಳೆಯ ಪೆಟ್ಟಿಗೆಗಳನ್ನೂ ಹೊತ್ತು ಕಾಲ ಕಳೆದ ಉಪ್ಪರಿಗೆಗಳಿಗೆ ಮಂಚ, ಸ್ನಾನಗೃಹ, ನೀರು ತುಂಬಿದ ತೊಟ್ಟಿಗಳ ಭಾರವನ್ನು ತಾಳುವ ಪ್ರಸಂಗ ಒದಗಿದೆ. ಮೇಲಿನ ಹಲಗೆಯನ್ನು ಕೀಳದೆ, ಗೋಡೆಯನ್ನು ಕೆಡಹದೆ, ಹಳೆಯ ಜಂತೆಗಳ ನಡುವಣ ಇಕ್ಕಟ್ಟಿನಲ್ಲಿ ಹೊಸದೊಂದು ಜಂತೆಯನ್ನು ಕೂರಿಸಬಲ್ಲವರು ವಿರಳ. ತೀರ್ಥಹಳ್ಳಿ ಸೀಮೆಯಲ್ಲಿ ಊರವರೆಲ್ಲ ‘ಆಚಾರ್ರು’ ಎಂದು ಕರೆಯುವ ವೃದ್ಧ ಬಡಗಿಯೊಬ್ಬರು ಆ ವಿರಳರಲ್ಲಿ ಒಬ್ಬರು.

ಉಳಿಯ ಹಿಡಿಯಿಂದ ಪ್ರತಿಯೊಂದು ಜಂತೆಯನ್ನೂ ಗೋಡೆಯ ಬಳಿ ತಟ್ಟಿ, ಅದರ ಧ್ವನಿಯನ್ನು ಆಲಿಸುವುದು ಅವರ ಮೊದಲ ಕಾರ್ಯ. ಮಳೆಗಾಲದ ತೇವವನ್ನು ಹೀರಿದ ಗೋಡೆಯೊಳಗೆ ಹುದುಗಿದ ತುದಿಯೇ ಸಾಮಾನ್ಯವಾಗಿ ಮೊದಲು ಕೊಳೆಯುವುದು. ಬಳಿಕ ಅಡಕೆಮರದ ಕಂಬಗಳನ್ನು ನಿಲ್ಲಿಸಿ, ಬುಡಕ್ಕೆ ಎದುರುಬದುರಾಗಿ ಬೆಣೆಗಳನ್ನು ಹೊಡೆದು, ಬಾಗಿದ ಉಪ್ಪರಿಗೆಯನ್ನು ಮೆಲ್ಲಮೆಲ್ಲನೆ ಎತ್ತುವರು. 8 ಅಡಿ ಅಗಲದ ಕೋಣೆಯಲ್ಲಿ, ಇಕ್ಕೆಲದ ಗೋಡೆಗಳ ಮೇಲೂ 6 ಅಂಗುಲ ಊರಬೇಕಾದ ಜಂತೆಯ ಉದ್ದ 9 ಅಡಿ; ಅದನ್ನು ಒಳಹೊಗಿಸುವುದರಲ್ಲಿಯೇ ವಿದ್ಯೆಯ ಸಾರವೆಲ್ಲ ಅಡಗಿದೆ. ಒಂದು ಗೋಡೆಯಲ್ಲಿ 14 ಅಂಗುಲ ಆಳದ, ಎತ್ತರವೂ ಕೊಂಚ ಹೆಚ್ಚಾದ ಗೂಡನ್ನು ಕೊರೆದು, ಇನ್ನೊಂದರಲ್ಲಿ 6 ಅಂಗುಲದ ಗೂಡನ್ನಷ್ಟೇ ತೆಗೆದು, ಜಂತೆಯನ್ನು ಓರೆಯಾಗಿ ಆಳದ ಗೂಡಿನೊಳಕ್ಕೆ ನೂಕಿ, ಹೊರಗುಳಿದ ತುದಿಯನ್ನು ಮಟ್ಟಕ್ಕೆ ಎತ್ತಿದೊಡನೆ ಇತ್ತ ಎಳೆದು, ಎರಡು ಗೋಡೆಗಳಿಗೂ ಸಮನಾಗಿ ಹಂಚುವರು. “ಎಳೆಯೋಕೆ ಮುಂಚೆ ಮರದ ಮೇಲೆ ಇದ್ದಲಿನ ಗುರುತು ಹಾಕ್ಬೇಕು ಸ್ವಾಮಿ, ಇಲ್ದಿದ್ರೆ ಒಂದು ಗೋಡೆಗೆ ಎಂಟಂಗುಲ, ಇನ್ನೊಂದಕ್ಕೆ ನಾಲ್ಕೇ ಆಗ್ತದೆ” ಎಂದು ಆಚಾರ್ಯರು ವಿವರಿಸಿದರು.

ಕೆಳಗೆ ತೊಲೆಯೂ ಮೇಲೆ ಹಲಗೆಯೂ ಎಡೆಗೊಡದ ಸ್ಥಳದಲ್ಲಿ ಜಂತೆಯನ್ನು ಮಗ್ಗುಲಾಗಿ ಹೊಗಿಸಿ, ಅಲ್ಲಿಯೇ ಹೊರಳಿಸಿ ನಿಲ್ಲಿಸಬೇಕಾಗುವುದು. 3 ಅಂಗುಲ ಅಗಲ, 6 ಅಂಗುಲ ಎತ್ತರದ ಮರದ ಕರ್ಣವು ಸುಮಾರು 6.7 ಅಂಗುಲವಾದುದರಿಂದ, ಹೊರಳುವಾಗ ಅಂಚು ಹಲಗೆಗೆ ತಡೆಯದಂತೆ ಅದನ್ನು ಕೀಸುಳಿಯಿಂದ ಮುಂಚಿತವಾಗಿಯೇ ಸವರಿರುವ ದೂರದೃಷ್ಟಿಯನ್ನು ಕಂಡು ನನಗೆ ಗೌರವವುಂಟಾಯಿತು. ಕಡೆಯಲ್ಲಿ ತುದಿಗಳಿಗೆ ಗೇರೆಣ್ಣೆ ಬಳಿದು, ಗೂಡಿನ ತೆರಪನ್ನು ಕಲ್ಲು-ಗಾರೆಯಿಂದ ಬಿಗಿದು, ಮರದ ಸುತ್ತ ಗಾಳಿಯಾಡಲು ಕಿಂಚಿತ್ ಅವಕಾಶವನ್ನು ಬಿಡುವರು.

ಪೂರ್ವೇತಿಹಾಸವನ್ನು ಅವರು ಸಂಕ್ಷೇಪವಾಗಿ ಹೇಳಿದರು: ಅಜ್ಜನ ಕಾಲದಲ್ಲಿ ಹುಲ್ಲಿನ ಮಾಡು, ಆಮೇಲೆ ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಅದು ಘಟ್ಟವನ್ನೇರಿ ಬಂದ ಮೇಲೆ ಛಾವಣಿಗಳು ಬದಲಾದರೂ ಜಂತೆಯ ಕೆಲಸ ಬದಲಾಗಲಿಲ್ಲ. ಮರದ ಮನೆಯೊಂದನ್ನು ಹೊಸ ಉಪಯೋಗಕ್ಕೆ ಉಳಿಸಿಕೊಳ್ಳಬಹುದೆಂಬುದಕ್ಕೆ, ವಸ್ತುಸಂಗ್ರಹಾಲಯವಾಗಿ ನಿಂತಿರುವ ಕುಪ್ಪಳಿಯ ಕವಿಮನೆಯೇ ಅಲ್ಲಿ ಸಮೀಪದ ನಿದರ್ಶನ.

ಕೊಳವೆ ಹಾಯಿಸುವ ಸಲುವಾಗಿ ಜಂತೆಯ ನಡುವೆ ಕಚ್ಚು ಕೊರೆಯುವ ಈಚಿನ ಪದ್ಧತಿಯನ್ನು ಕಂಡರೆ ಆಚಾರ್ಯರಿಗೆ ಅತೀವ ವ್ಯಥೆ. ಜಂತೆಯ ಬಲವು ಅದರ ಎತ್ತರದ ವರ್ಗವನ್ನು ಅನುಸರಿಸುವುದಾದ್ದರಿಂದ, 6 ಅಂಗುಲದ ಮರದಲ್ಲಿ 1 ಅಂಗುಲವನ್ನು ಕೆತ್ತಿದರೆ ಆ ಎಡೆಯಲ್ಲಿ ನೂರಕ್ಕೆ ಸುಮಾರು 30 ಪಾಲು ಬಲ ನಷ್ಟವಾಗುವುದು. ಅವರ ವ್ಯಥೆ ಅಕಾರಣವಲ್ಲ.

ಈಗ ಅವರ ಬಳಿ ಕಲಿಯುವವರಿಲ್ಲ. ಮಗ ಶಿವಮೊಗ್ಗದಲ್ಲಿ ಅಲ್ಯೂಮಿನಿಯಂ ಕಿಟಕಿಗಳನ್ನು ಜೋಡಿಸುತ್ತಾನೆ. ಮನೆಯನ್ನು ಮಾರ್ಪಡಿಸಹೊರಟವರು ಕೊಳಾಯಿಯವರನ್ನು ಕರೆಯುವ ಮುನ್ನ ಇಂತಹ ಆಚಾರಿಯೊಬ್ಬರಿಂದ ಜಂತೆಗಳನ್ನು ತಟ್ಟಿಸಿ ನೋಡಲಿ; ಸಾಧ್ಯವಾದರೆ ಅವರ ಕೈಕೆಳಗೆ ಕಲಿಯಲು ಒಬ್ಬ ಹುಡುಗನಿಗೂ ಕೂಲಿ ಕೊಟ್ಟು ನಿಲ್ಲಿಸಲಿ.