ಕೌದಿಯ ತುಂಡು ದಾಟುವ ದೂರ

ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಈ ಅಂಚಿನಿಂದ ಆ ಅಂಚಿನವರೆಗೆ ದಾರ ಓಡಿಸಿ ಹೊಲಿದದ್ದೇ ಕೌದಿ. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ರಾಯಚೂರಿನಿಂದ ಮಂತ್ರಾಲಯದ ಕಡೆ ಹೋಗುವ ದಾರಿಯ ಯರಗೇರಾದಂಥ ಗಡಿಸೀಮೆಯಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ಕನ್ನಡದಲ್ಲಿ ಕೌದಿ, ತೆಲುಗಿನಲ್ಲಿ ಬೊಂತ, ದಖನಿ ಉರ್ದುವಿನಲ್ಲಿ ಗೋದಡಿ. ಮಾತು ಮೂರಾದರೂ ಹೊಲಿಗೆ ಒಂದೇ.

ಕೌದಿಯ ಅರಿವೆ ಒಂದೇ ಮನೆಯದಾಗಿರುವುದು ಅಪರೂಪ. ದೊಡ್ಡ ಕೌದಿಯ ಒಡಲಿಗೆ ಮೂರು ನಾಲ್ಕು ಸೀರೆಯಾದರೂ ಬೇಕು, ಮೇಲಿನ ಚಿತ್ತಾರಕ್ಕೆ ಬಗೆಬಗೆಯ ಬಣ್ಣ ಬೇಕು. ತವರಿನಿಂದ ಅವ್ವನ ಇಳಕಲ್ ಸೀರೆ ಬರುತ್ತದೆ, ಗಂಡನ ಮನೆಯ ಧೋತರ ಅಡಿಗೆ ಹೋಗುತ್ತದೆ, ನೆರೆಮನೆಯವರು ಕುಬಸ ಹೊಲಿಸಿ ಉಳಿದ ಖಣದ ಚೂರು ಕೊಡುತ್ತಾರೆ, ದರ್ಜಿಯ ಅಂಗಡಿಯಿಂದ ಹೊಸ ಅರಿವೆಯ ತುಂಡುಗಳು ಚೀಲದಲ್ಲಿ ಬರುತ್ತವೆ. ಪಡೆದವರು ಮುಂದೆ ಕೊಟ್ಟವರ ಕೌದಿಗೆ ತಮ್ಮದೊಂದು ಸೀರೆ ಕೊಡುತ್ತಾರೆ. ಈ ಕೊಡು-ಕೊಳ್ಳುವಿಕೆಗೆ ಲೆಕ್ಕದ ಪುಸ್ತಕವಿಲ್ಲ. ಯಾವ ತುಂಡು ಯಾರದು ಎಂಬ ನೆನಪು ಮಾತ್ರ ಕೌದಿ ಹರಿಯುವವರೆಗೂ ಉಳಿಯುತ್ತದೆ.

ಹೊಲಿಯುವ ಕಾಲ ಸುಗ್ಗಿ ಮುಗಿದ ಮೇಲಿನದು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೆಲಸ ಇಳಿದ ಮೇಲೆ ಕಟ್ಟೆಯ ನೆರಳಿನಲ್ಲೋ ಪಡಸಾಲೆಯಲ್ಲೋ ಅಡಿಯ ಸೀರೆಯನ್ನು ಹಾಸಿ, ನಾಲ್ಕೂ ಮೂಲೆಗೆ ಭಾರವಿಟ್ಟು ಬಿಗಿ ಮಾಡುತ್ತಾರೆ. ಅದರ ಮೇಲೆ ಹರಿದ ಅರಿವೆಯ ಪದರಗಳು, ಎಲ್ಲಕ್ಕಿಂತ ಮೇಲೆ ಗಟ್ಟಿ ಇರುವ ತುಂಡುಗಳು. ಅಂಚನ್ನು ಮಡಚಿ ಸುತ್ತಲೂ ಹೊಲಿದ ಬಳಿಕ ಒಳಗಿನ ಸಾಲುಗಳು ಶುರುವಾಗುತ್ತವೆ. ಇಬ್ಬರು ಮೂವರು ಕೂತರೆ ಒಬ್ಬೊಬ್ಬರು ಒಂದೊಂದು ಬದಿ ಹಿಡಿಯುತ್ತಾರೆ. ಹೊಲಿಗೆ ಸಾದಾ ಓಟದ್ದೇ, ಆದರೆ ದಾರವನ್ನು ಎಳೆಯುವ ಹದ ಕೈಗೆ ಹತ್ತಲು ವರ್ಷಗಳು ಬೇಕು. ಹೆಚ್ಚು ಎಳೆದರೆ ಅರಿವೆ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಒಗೆದಾಗ ಒಳಪದರ ಗಂಟುಗಂಟಾಗಿ ಒಂದು ಮೂಲೆಗೆ ಸರಿಯುತ್ತದೆ. ದಸರೆಗೆ ಮುಂಚೆ ಮನೆಯ ಹಾಸಿಗೆ ಅರಿವೆಗಳನ್ನೆಲ್ಲ ಹಳ್ಳಕ್ಕೋ ಕಾಲುವೆಗೋ ಒಯ್ದು ಒಗೆಯುವ ರೂಢಿ ಇರುವುದರಿಂದ ಪ್ರತಿ ಕೌದಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ತಪ್ಪದು.

ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಊರೂರು ತಿರುಗಿ ಕೌದಿ ಹೊಲಿದು ಕೊಡುವ ಹೆಂಗಸರುಂಟು, ಅವರಲ್ಲಿ ಗೊಂದಲಿಗ ಸಮುದಾಯದವರೂ ಇದ್ದಾರೆ. ಅರಿವೆ ಮನೆಯವರದು, ಸೂಜಿ ಮತ್ತು ಕೈ ಅವರದು, ಕೂಲಿ ಹಣವಾಗಿಯೂ ಕಾಳುಕಡಿಯಾಗಿಯೂ ಸಲ್ಲುತ್ತಿತ್ತು. ಕೌದಿಗೆ ಸಿಗಬೇಕಾದ ಅರಿವೆಗೆ ಈಗ ಬೇರೆ ಗಿರಾಕಿಗಳಿದ್ದಾರೆ. ಹಳೆ ಸೀರೆ ಪಡೆದು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿ ಬಾಗಿಲಿಗೇ ಬರುತ್ತಾನೆ. ಉಳಿಯುವ ಸೀರೆಗಳಲ್ಲೂ ಪಾಲಿಯೆಸ್ಟರೇ ಹೆಚ್ಚು. ಅದು ಬೆವರು ಹೀರುವುದಿಲ್ಲ, ಸೂಜಿಗೆ ಜಾರುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಹೊರಸಿನ ಮೇಲೆ ಹಾಸಲು ಹತ್ತಿಯ ಕೌದಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಕೂಸಿನ ಕೌದಿಗಂತೂ ಹಲವು ವರ್ಷ ಉಟ್ಟು ಮೆತ್ತಗಾದ ಹತ್ತಿಯ ಸೀರೆಯೇ ಆಗಬೇಕು. ಮೆತ್ತಗಿರಲೆಂದೇ ಅದಕ್ಕೆ ಪದರ ಕಡಿಮೆ ಹಾಕುತ್ತಾರೆ.

ಹೀಗೆ ಕೈಯಿಂದ ಕೈಗೆ ದಾಟುತ್ತಿದ್ದ ಅರಿವೆ ದೂರದ ದಾರಿಯನ್ನೂ ಹಿಡಿಯುತ್ತದೆ. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರ ಗಂಟಿನಲ್ಲಿ ಕೌದಿ ಇದ್ದೇ ಇರುತ್ತದೆ. ಊರಿಗೆ ಬಂದು ಹೋಗುವವರ ಕೈಯಲ್ಲಿ ಹಳೆ ಸೀರೆ ಇತ್ತ ಬಂದು, ಕೌದಿಯಾಗಿ ಅತ್ತ ಹೋಗುತ್ತದೆ. ಜಗತ್ತಿನ ಬೇರೆಡೆ ಇದೇ ಕೆಲಸಕ್ಕೆ ಅಂಚೆ ಒದಗಿದೆ. 1840ರ ಸುಮಾರಿಗೆ ಅಮೆರಿಕದಲ್ಲಿ ಗೆಳತಿಯರು, ನೆಂಟರು ಒಂದೊಂದು ಚೌಕದ ಮೇಲೆ ಹೆಸರು ಬರೆದು, ಆ ಚೌಕಗಳನ್ನು ಕೂಡಿಸಿ, ಪಶ್ಚಿಮಕ್ಕೆ ವಲಸೆ ಹೊರಟವರಿಗೆ ಕೊಡುವ ರೂಢಿ ಬೆಳೆಯಿತು. ಆ ಶತಮಾನದ ಕೊನೆಗೆ ಒಂದು ತುಂಡಿನಂತೆ ಇನ್ನೊಂದಿರದ ಹೊದಿಕೆ ಹೊಲಿಯುವ ಹುರುಪು ಹಬ್ಬಿತು. ನೂರಾರು ಬಗೆಯ ಅರಿವೆ ಒಂದೇ ಮನೆಯಲ್ಲಿ ಸಿಗದ್ದರಿಂದ ಚೂರುಗಳು ಮನೆಯಿಂದ ಮನೆಗೆ ಕೈ ಬದಲಾದವು. 1913ರ ಜನವರಿ 1ರಂದು ಅಲ್ಲಿ ಪಾರ್ಸೆಲ್ ಅಂಚೆ ಶುರುವಾದ ಮೇಲೆ ಹಳ್ಳಿಯ ಮನೆಗಳಿಗೂ ಗಂಟು ಕಳಿಸುವುದು ಸುಲಭವಾಯಿತು.

ಅಂಚೆಯ ವಿನಿಮಯದಲ್ಲಿ ಎರಡು ಬಗೆಯಿವೆ: ಬರೀ ಅರಿವೆಯದು, ಹೊಲಿದ ಚೌಕಗಳದು. ಚೌಕದ ವಿನಿಮಯಕ್ಕೆ ಹನ್ನೆರಡು ಜನ ಸೇರಿದರೆ ಒಬ್ಬೊಬ್ಬರೂ ಒಂದೇ ನಮೂನೆಯ ಹನ್ನೆರಡು ಚೌಕ ಹೊಲಿದು, ಮರಳಿ ಕಳಿಸುವ ಅಂಚೆ ಖರ್ಚಿನೊಂದಿಗೆ ಮೇಲ್ವಿಚಾರಣೆಯವರಿಗೆ ಕಳಿಸುತ್ತಾರೆ. ಅವರು ವಿಂಗಡಿಸಿದ ಮೇಲೆ ಪ್ರತಿಯೊಬ್ಬರಿಗೂ ಹನ್ನೆರಡು ಕೈಗಳ ಹನ್ನೆರಡು ಚೌಕ ಬರುತ್ತವೆ. ಇದರಲ್ಲಿ ಅಳತೆಯೇ ಜೀವಾಳ. ಹೊಲಿದ ಮೇಲೆ 12 ಇಂಚು ಬರಬೇಕಾದ ಚೌಕವನ್ನು ಹನ್ನೆರಡೂವರೆ ಇಂಚಿಟ್ಟು ಕಳಿಸುತ್ತಾರೆ, ಏಕೆಂದರೆ ಎರಡೂ ಬದಿಗೆ ಕಾಲು ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಒಬ್ಬರ ಅಳತೆ ತಪ್ಪಿದರೆ ಹನ್ನೆರಡೂ ಮನೆಯಲ್ಲಿ ಸಾಲು ಸೊಟ್ಟಗಾಗುತ್ತದೆ.

ಅಂಚೆ ಮತ್ತು ಹೊಲಿಗೆ ಕೂಡಿದ ಅತಿ ದೊಡ್ಡ ಕೆಲಸ ದುಃಖದಿಂದ ಹುಟ್ಟಿದ್ದು. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಆರಂಭವಾದ ಸ್ಮಾರಕ ಹೊದಿಕೆಗೆ ದೇಶದ ಮೂಲೆಮೂಲೆಯಿಂದ 3 ಅಡಿ ಅಗಲ, 6 ಅಡಿ ಉದ್ದದ ತುಂಡುಗಳು ಬಂದವು. ಆ ವರ್ಷ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಹಾಸಿದಾಗ ಅವುಗಳ ಎಣಿಕೆ 1,920. ತೀರಿಕೊಂಡವರ ಅಂಗಿಯನ್ನೇ ಕತ್ತರಿಸಿ ಹೊಲಿದವರಿದ್ದರು. ಅಜ್ಜಿಯ ಸೀರೆಯನ್ನು ಕೌದಿಯ ನಟ್ಟನಡುವೆ ಇಟ್ಟು ಹೊಲಿಯುವ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕರ್ನಾಟಕದ ಕೌದಿಗಳಲ್ಲಿ ಕಡಲಾಚೆಯವರ ಗಮನವನ್ನು ಸೆಳೆದದ್ದು ಉತ್ತರ ಕನ್ನಡದ ಸಿದ್ದಿಯರ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿಯರು ಆಫ್ರಿಕಾ ಮೂಲದವರು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೂ ಅವರಲ್ಲಿದೆ. ಅವರ ಹೆಂಗಸರು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ತುಂಡು ಇಡುತ್ತ, ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ತುಂಡು ಕೂಡಿಸುವುದು, ಪದರ ಹೊಲಿಯುವುದು ಎರಡೂ ಒಂದೇ ಸಲಕ್ಕೆ ಆಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಅರಿವೆಯ ‘ಫುಲಾ’, ಅಂದರೆ ಹೂವು, ಇಡುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಹೊಲಿಗೆಗಾರರು ಈ ಕ್ರಮವನ್ನು ಕಲಿತು, ತಮ್ಮಲ್ಲಿನ ಅರಿವೆಯಿಂದ ಹಾಗೆಯೇ ಹೊಲಿಯುತ್ತಿದ್ದಾರೆ.

ಸಿದ್ದಿಯರ ಈ ಕ್ರಮ ಒಂದು ಮಾತನ್ನು ಸ್ಪಷ್ಟ ಮಾಡುತ್ತದೆ: ಕೌದಿಗೆ ಚೌಕದ ವಿನಿಮಯ ಒಗ್ಗುವುದಿಲ್ಲ. ಮೊದಲೇ ಹೊಲಿದಿಟ್ಟ ಚೌಕಕ್ಕೆ ಅದರಲ್ಲಿ ಜಾಗವೇ ಇಲ್ಲ. ಇಟ್ಟ ತುಂಡನ್ನು ನೋಡಿ ಮುಂದಿನ ತುಂಡಿನ ಬಣ್ಣ, ಅಳತೆ ನಿಶ್ಚಯವಾಗುತ್ತದೆ. ರಾಯಚೂರು ಸೀಮೆಯ ಕೌದಿಗೂ ಹೊಂದುವುದು ಅರಿವೆಯ ವಿನಿಮಯವೇ. ಮೊದಲಿನಿಂದಲೂ ಇಲ್ಲಿ ನಡೆದದ್ದೂ ಅದೇ.

ಅದನ್ನೇ ದೂರದವರೊಂದಿಗೆ ನಡೆಸುವುದಾದರೆ, ಅಂಚೆಗೆ ಹಾಕುವ ಅರಿವೆಯನ್ನು ಮೊದಲು ಒಗೆಯಬೇಕು. ಹತ್ತಿ ಒಗೆದಾಗ ಕುಗ್ಗುತ್ತದೆ, ಒಗೆಯದ ತುಂಡು ಒಗೆದದ್ದರ ಪಕ್ಕ ಕೂತರೆ ಹೊಲಿದ ಮೇಲೆ ಸೆಳೆಯುತ್ತದೆ. ಬಣ್ಣ ಬಿಡುತ್ತದೋ ಎಂದು ತಿಳಿಯಲು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿದರೆ ಸಾಕು. ಗಾಢ ಕೆಂಪು, ನೀಲಿಯ ಮೇಲೆ ವಿಶೇಷ ಗಮನವಿರಲಿ. ಇಳಕಲ್ ಸೀರೆಯಾದರೆ ಒಡಲು, ಸೆರಗುಗಳನ್ನು ಬೇರೆ ಮಾಡಿ ಕಳಿಸುವುದು ಲೇಸು. ಹತ್ತಿಯ ಒಡಲಿನ ಎಳೆಗೆ ರೇಷ್ಮೆಯ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಆ ನೇಯ್ಗೆಯ ವೈಶಿಷ್ಟ್ಯ, ಒಗೆತಕ್ಕೆ ಎರಡರ ವರ್ತನೆ ಬೇರೆ. ಗುಳೇದಗುಡ್ಡದ ಖಣ ಚಿಕ್ಕ ಚೂರಾದರೂ ಕಳಿಸಲು ಯೋಗ್ಯ, ಮುಕ್ಕೋನ ಮಡಚಿ ಅಂಚಿಗಿಟ್ಟರೆ ಇಡೀ ಕೌದಿಗೆ ಕಳೆ ಬರುತ್ತದೆ.

ನಾಡಿನೊಳಗೆ ಅರ್ಧ ಕಿಲೋ ತುಂಡುಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಚೀಲ ಬೇಕು. ಪರದೇಶಕ್ಕಾದರೆ ಸುಂಕದ ಚೀಟಿಯಲ್ಲಿ ವಸ್ತು, ತೂಕ, ಬೆಲೆ ಬರೆಯಲೇಬೇಕು. ಅಮೆರಿಕ 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿದ್ದರಿಂದ ಆ ದೇಶಕ್ಕೆ ಗಂಟು ಕಳಿಸುವವರು ಹೊಸ ನಿಯಮವನ್ನು ಅಂಚೆ ಕಚೇರಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಗಂಟಿನೊಳಗೆ ಒಂದು ಚೀಟಿಯೂ ಇರಬೇಕು: ಅರಿವೆ ಹತ್ತಿಯದೋ ಬೆರಕೆಯದೋ, ಎಷ್ಟು ಸಲ ಒಗೆದದ್ದು, ಯಾರು ಉಟ್ಟದ್ದು.